ಚಂದ್ರವ್ವನಿಗೆ ಪರ್ವತ ಹೇಳಿದವರು

ತಿರುಮಲೇಶ ಮೇಷ್ಟರು ನಡೆಯುವಾಗ ಆಗಾಗ ನಿಂತು ಹಿಂದಿರುಗಿ ನೋಡುತ್ತಿದ್ದರು. ಸಯನ್ ಸ್ಟೇಷನ್ನಿನ ಸೇತುವೆಯ ಮೇಲೆ, ಲೋಕಲ್ ರೈಲಿನಿಂದ ಇಳಿದ ಜನಪ್ರವಾಹ ಬೆನ್ನಿಗೆ ಬಂದು ತಾಗುತ್ತಿರುವಾಗಲೂ, ಹಿಂದೆ ಉಳಿದವನೊಬ್ಬ ಬಂದು ಕೂಡಿಕೊಳ್ಳಲಿ ಎಂಬಂತೆ ಕ್ಷಣಕಾಲ ಕಾದು, ಯಾರನ್ನೂ ಕಾಣದೆ, ಮತ್ತೆ ಹೆಜ್ಜೆಯಿಡುವರು. ಮೇ ತಿಂಗಳಲ್ಲೂ ಕಳಚದ ಬೂದುಬಣ್ಣದ ಉಣ್ಣೆಯ ಕೋಟು, ಸಪಾಟು ರಸ್ತೆಯಲ್ಲೂ ನೆಲವನ್ನು ಪರೀಕ್ಷಿಸಿ ಊರುವ ಪಾದ, ಮೈಸೂರಿನ ಮೆಲುಮಾತು: ಪಕ್ಕದ ಮನೆಯವನಾದ ನನಗೆ ಬಹುಕಾಲ ತಿಳಿದಿದ್ದುದು ಇಷ್ಟೇ.

ಅವರು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಗುಮಾಸ್ತರಾಗಿ ಹೋಗಿ, ಇಟಲಿಯಲ್ಲಿ ಸೆರೆಯಾಳಾಗಿ, ಶಿಬಿರದ ಕಾವಲು ಸಡಿಲಿದಾಗ ವಿಜಾಪುರದ ಕಡೆಯ ಪರಪ್ಪನೆಂಬ ಸಿಪಾಯಿಯೊಡನೆ ಆಲ್ಪ್ಸಿನ ಒಂದು ಸಣ್ಣ ಶ್ರೇಣಿಯನ್ನೇರಿ ಸ್ವಿಟ್ಜರ್ಲೆಂಡಿಗೆ ಹೊರಟವರು. ಪ್ರಸಿದ್ಧ ಶಿಖರವೊಂದೂ ಇಲ್ಲದ, ಶಾಲೆಯ ಅಟ್ಲಾಸಿನಲ್ಲಿ ಹೆಸರೂ ಸಿಗದ ಶ್ರೇಣಿ ಅದು. ನೆತ್ತಿಯ ಕಣಿವೆದಾರಿಯಲ್ಲಿ ಮಂಜು ಕವಿಯಿತು. ಹಿಂದೆ ಬರುತ್ತಿದ್ದ ಪರಪ್ಪ ಒಮ್ಮೆ 'ಓ' ಎಂದ. ಆಮೇಲೆ ಎಷ್ಟು ಕೂಗಿದರೂ ದನಿಯಿಲ್ಲ. ಇವರು ಇಳಿದು, ಮರಳಿ ಹತ್ತಿ, ಕಲ್ಲುಕಲ್ಲನ್ನು ತಡವಿ ಹುಡುಕಿದರು. ದೇಹವೂ ಸಿಗಲಿಲ್ಲ.

ಪರಪ್ಪನ ಹೆಂಡತಿ ಚಂದ್ರವ್ವ ಕುರ್ಲಾದ ಒಂದು ಚಾಳಿನಲ್ಲಿದ್ದಳು. ಇವರು ಸುದ್ದಿ ಮುಟ್ಟಿಸಲು ಹೋದಾಗ ಆಕೆ ಅಳಲಿಲ್ಲ. "ಅಂವ ಇರೂ ಗುಡ್ಡ ಹ್ಯಾಂಗೈತಿ, ಅದನ್ನಷ್ಟ ಹೇಳ್ರಿ ಮಾಸ್ತರ" ಎಂದಳಂತೆ. ಅಂದಿನಿಂದ ಪ್ರತಿ ಭಾನುವಾರ ಮೇಷ್ಟರು ಹೋಗಿ ಹೇಳುತ್ತಿದ್ದರು: ಬುಡದಲ್ಲಿ ಚೆಸ್ಟ್‌ನಟ್ ಮರಗಳು, ಮೇಲೆ ಪೈನ್ ಕಾಡು, ಅದರ ಮೇಲೆ ಮರವೇ ನಿಲ್ಲದ ಹುಲ್ಲು, ಆಮೇಲೆ ಬರಿಯ ಕಲ್ಲು, ಹಿಮ, ಬಿಸಿಲು ಬೇಗ ತೊರೆದುಹೋಗುವ ಉತ್ತರದ ಮೈ, ಬಂಡೆಯ ಹುಡಿ ಬೆರೆತು ಹಾಲಿನಂತೆ ಹರಿವ ಹಳ್ಳ. ಆಕೆ ಕೌದಿಯನ್ನು ನೆಲಕ್ಕೆ ಹಾಸಿ, ಅವರು ಹೇಳಿದಂತೆ ನೆರಿಗೆಯೆತ್ತಿ, ಏಣು ಕಣಿವೆಗಳನ್ನು ಮಾಡಿಕೊಳ್ಳುತ್ತಿದ್ದಳು.

ಐವತ್ತನಾಲ್ಕರ ಮಳೆಗಾಲದ ಒಂದು ಮಧ್ಯಾಹ್ನ ನಾನೂ ಜೊತೆಗಿದ್ದೆ. ಚಂದ್ರವ್ವ ಕೌದಿಯ ಒಂದು ಮಡಿಕೆಯ ಮೇಲೆ ಬೆರಳಿಟ್ಟಳು.

"ಈ ದಿಬ್ಬದ ಆಚೀಕ ಒಂದು ಕಲ್ಲಿನ ಮನಿ ಐತಲ್ರಿ? ಬಾಗಲಾ ಮುರದೈತಿ. ಒಳಗ ಎಡಕ್ಕ ಒಲಿ."

ಮೇಷ್ಟರು ಆ ಮಡಿಕೆಯತ್ತ ಬಾಗಿದರು. "ನಾನು ಹೇಳಿದ್ದೆನೇನಮ್ಮಾ?"

"ನೀವೆಲ್ಲಿ ಹೇಳೀರಿ. ಅಂವನ ಹೇಳಿದ. ನಿನ್ನಿ ನಮ್ಮ ಬಾಗಲದಾಗ ಬಂದು ನಿಂತಿದ್ದ."

ಕುರ್ಲಾ ಸ್ಟೇಷನ್ನಿನಲ್ಲಿ ಮೇಷ್ಟರು ನನಗೆ ಹೇಳಿದರು: "ಆ ಮನೆ ಇದೆ. ಹುಡುಕಿ ಸೋತು ನಾನೊಬ್ಬನೇ ಅಲ್ಲಿ ಹೊಕ್ಕಿದ್ದೆ. ಒಲೆಯ ಬೂದಿ ಇನ್ನೂ ಬೆಚ್ಚಗಿತ್ತು. ಕುರುಬರು ಯಾರೋ ಇದ್ದಿರಬೇಕು ಅಂದ್ಕೊಂಡೆ. ಆಕೆಗೆ ಸುಳ್ಳು ಆಸೆ ಯಾಕೆ ಅಂತ ಇದನ್ನು ಯಾರ ಹತ್ತಿರವೂ ಎತ್ತಿಲ್ಲ."

ಮುಂದಿನ ಭಾನುವಾರ ಆಕೆಗೆ ಬೂದಿಯ ವಿಷಯ ಹೇಳಿಬಿಟ್ಟರು.

"ಗೊತ್ತೈತ್ರಿ" ಎಂದಳು ಚಂದ್ರವ್ವ. "ನಿಮ್ಮ ಹಾದಿ ನೋಡಿ ನೋಡಿ ಹ್ವಾದ."

"ಯಾವ ಕಡೆ ಹೋದನಮ್ಮಾ?"

ಆಕೆ ತೋರಿಸಿದ್ದು ಪೂರ್ವದ ಇಳಿಜಾರನ್ನು. ಮೇಷ್ಟರು ಪಶ್ಚಿಮಕ್ಕೆ ಇಳಿದವರು. ಆ ಮಗ್ಗುಲನ್ನು ಅವರು ಕಂಡಿರಲಿಲ್ಲ. ಆಕೆ ಅಲ್ಲಿಯ ಹಳ್ಳವನ್ನೂ, ಕಾಲುಸಂಕವನ್ನೂ, ಮೇಯುವ ಆಡುಗಳನ್ನೂ ಸಾವಕಾಶವಾಗಿ ವರ್ಣಿಸಿದಳು. ಗಂಡ ಸತ್ತನೆಂದು ಸರ್ಕಾರ ತಿಳಿಸಿದ ದಿನದಿಂದ ಬರಿದಾಗಿದ್ದ ಅವಳ ಹಣೆಯಲ್ಲಿ ಆ ವಾರ ಕುಂಕುಮ ಕಂಡು ಚಾಳಿನವರು ನಕ್ಕರು. ಮೇಷ್ಟರು ಚಾಪೆಯ ಮೇಲೆ ವಿದ್ಯಾರ್ಥಿಯಂತೆ ಕೂತು, "ಮುಂದೆ ಹೇಳಮ್ಮಾ" ಎಂದರು. ಆಕೆ ಜ್ವರದಲ್ಲಿ ತೀರಿಕೊಳ್ಳುವವರೆಗೂ, ಹಲವು ವರ್ಷ, ಭಾನುವಾರಗಳು ಹಾಗೆಯೇ ನಡೆದವು.

ಇಂಥವರನ್ನು ನಾವು ಪಾರಾಗಿ ಬಂದವರೆನ್ನುತ್ತೇವೆ. ಇಬ್ಬರು ಹೊರಟ ದಾರಿಯಲ್ಲಿ ಒಬ್ಬನೇ ಮರಳಿದವನಿಗೆ ಆ ದಾರಿ ಅರ್ಧ ಮಾತ್ರ ತಿಳಿದಿರುತ್ತದೆ. ಉಳಿದರ್ಧವನ್ನು ಹೇಳುವವರು ಸಿಕ್ಕಾಗ, ಅವರಿಗೆ ಅದು ಎಲ್ಲಿಂದ ತಿಳಿಯಿತೆಂದು ಕೇಳುವ ಧೈರ್ಯ ಅವನಿಗೆ ಇರುವುದಿಲ್ಲ.