ದುರ್ಗದ ಬೈಲಿನ ಚುಕ್ಕೆ

ನೀಲಿ ಚುಕ್ಕೆ ದುರ್ಗದ ಬೈಲಿನ ಬಾಯಿಗೆ ಬಂದು ನಿಂತಿತು. ಅಂಬರೀಷ ಮೌಸಿನ ಮೇಲಿಟ್ಟ ಕೈ ಅಲುಗಿಸದೆ ಕೂತ. ಅವನ ಬೆನ್ನ ಹಿಂದೆ ಮಂಚದ ತುದಿಯಲ್ಲಿ ಕೂತಿದ್ದ ಅವನ ತಾಯಿ ದುರಗವ್ವ ಕತ್ತು ಚಾಚಿ ಕಂಪ್ಯೂಟರಿನ ಪರದೆ ನೋಡಿದಳು. ಪರದೆಯ ನಡುವೆ ಒಂದು ಮೊಬೈಲಿನ ಚಿತ್ರ, ಆ ಮೊಬೈಲಿನೊಳಗೆ ಹುಬ್ಬಳ್ಳಿ ಪೇಟೆಯ ನಕಾಶೆ, ನಕಾಶೆಯೊಳಗೆ ಈ ಚುಕ್ಕೆ.

"ಯಾಕ ನಿಂತಿತೋ?"

"ನಾನ ನಿಂದ್ರಿಸೇನಿ ಬೇ. ಮೊದಲನೇ ಮಾತು ಇಲ್ಲೇ ಬರಬೇಕು."

"ಅದ್ಯಾರು, ಆ ಚುಕ್ಕಿ?"

"ನಾವ. ಮನ್ಯಾಗ ಕುಂತು, ದುರ್ಗದ ಬೈಲಿನಾಗ ನಡಕೋತ ಹೊಂಟೇವಿ ಅಂತ ಅದಕ್ಕ ಸುಳ್ಳು ಹೇಳಾಕತ್ತೇವಿ."

"ನಿಮ್ಮಪ್ಪನೂ ಹಂಗ ಹೇಳ್ತಿದ್ದ, ಬಜಾರಕ್ಕ ಹೊಂಟೇನಿ ಅಂತ. ನೋಡಿದ್ರ ಇಸ್ಪೀಟ ಕಟ್ಟಿ ಮ್ಯಾಲ ಇರ್ತಿದ್ದ."

ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ವಿನೋದ ನಕ್ಕ. ಅವನು ಅಂಬರೀಷನ ಸಾಲಿ ಗೆಳೆಯ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಕಂಪ್ಯೂಟರಿನೊಳಗೆ ಈ ಸುಳ್ಳು ಮೊಬೈಲು ಹುಟ್ಟಿಸಿ, ಅದರಲ್ಲಿ ಹಳೆಯ ಆ್ಯಪನ್ನು ಕೂರಿಸಿದವನೂ ಅವನೇ. ಈಗಿನ ಯಾವ ಮೊಬೈಲೂ ಆ ಆ್ಯಪನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಮಧ್ಯಾಹ್ನದ ಊಟಕ್ಕೆ ವಿನೋದನೂ ಇದ್ದನೆಂದು ಸೊಸೆ ಸ್ನೇಹಲ್ ಹಿಟ್ಟು ಹೆಚ್ಚಿಗೆ ನಾದಿದ್ದಳು. ಮೊದಲಾಗಿದ್ದರೆ ಅಲ್ಲಿಂದಲೇ "ವಿನೋದಣ್ಣಾ, ಬದನಿಕಾಯಿ ಪಲ್ಲೆ ಐತಿ, ಹಂಗ ಹೋಗಬ್ಯಾಡ್ರಿ ಮತ್ತ" ಎಂದು ಕೂಗುತ್ತಿದ್ದಳು. ಈಗ ಅವಳಿಗೆ ಸಿಟ್ಟು ಬಂದಿದೆಯೋ, ಸಮಾಧಾನವಿದೆಯೋ ಎಂಬುದನ್ನು ದುರಗವ್ವ ರೊಟ್ಟಿಯ ಸದ್ದಿನಿಂದಲೇ ತಿಳಿದುಕೊಳ್ಳಬೇಕು. ಇವತ್ತು ಸದ್ದು ಒಂದೇ ಸಮನಾಗಿರಲಿಲ್ಲ. ನಡುನಡುವೆ ನಿಲ್ಲುತ್ತಿತ್ತು. ಹೊರಕೋಣೆಯ ಮಾತಿಗೆ ಅವಳೂ ಕಿವಿಗೊಟ್ಟಿದ್ದಾಳೆ ಎಂದು ದುರಗವ್ವನಿಗೆ ಗೊತ್ತಾಯಿತು.

ಸ್ನೇಹಲ್ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಳು. ಕೂಗದೆಯೇ ಕೊನೆಯ ಬೆಂಚಿಗೆ ಮುಟ್ಟುವ ಧ್ವನಿ. ಆ ಧ್ವನಿ ಕೇಳಿಯೇ ಕೆಲ ವರ್ಷಗಳ ಹಿಂದೆ ಬೆಂಗಳೂರಿನ ಸಣ್ಣ ಕಂಪನಿಯೊಂದರವರು ಅವಳನ್ನು ಹುಡುಕಿಕೊಂಡು ಬಂದಿದ್ದರು. ಮೊಬೈಲಿನ ವಾಯರು ಕಿವಿಗೆ ಸಿಕ್ಕಿಸಿಕೊಂಡು ಹಳೆಯ ಪೇಟೆಯಲ್ಲಿ ನಡೆದರೆ, ಆಯಾ ಜಾಗಕ್ಕೆ ಬಂದ ಕೂಡಲೇ ಅಲ್ಲಿಯ ಕಥೆಯನ್ನು ಸ್ನೇಹಲ್ ಹೇಳುವ ಏರ್ಪಾಡು. ಅದಕ್ಕೆ ಅವಳು ತಿಂಗಳುಗಟ್ಟಲೆ ಕನ್ನಡಿಯ ಮುಂದೆ ನಿಂತು ಓದಿ ಬಾಯಿಪಾಠ ಮಾಡಿದ್ದಳು. ಮುಗಿದ ಮೇಲೆ ಕಂಪನಿಯವರು ಶಾಲು ಹೊದಿಸಿ, ಅವಳ ಮಾತೆಲ್ಲ ತುಂಬಿದ ಪೆನ್‌ಡ್ರೈವನ್ನೂ ಕೊಟ್ಟಿದ್ದರು.

ಮರುವರ್ಷ ಏಪ್ರಿಲ್‌ನಲ್ಲಿ ಬಾಬಾಸಾಹೇಬರ ಜಯಂತಿಯ ಮೆರವಣಿಗೆಗೆ ಓಣಿಯವರು ಭೀಮಗೀತೆ ಹಾಕಿಕೊಳ್ಳಲು ಖಾಲಿ ಪೆನ್‌ಡ್ರೈವ್ ಕೇಳುತ್ತ ಬಂದರು. ಸ್ನೇಹಲಳೇ ಕಪಾಟಿನಿಂದ ತೆಗೆದುಕೊಟ್ಟಳು. "ಇದರಾಗಿಂದು ಅಳಿಸಿ ಹಾಕ್ಕೋರಿ. ನನ್ನ ಮಾತು ಆ್ಯಪಿನಾಗ ಅದಾವು, ಎಲ್ಲಿ ಹೋಗ್ತಾವು?" ಎಂದಿದ್ದಳು. ಅಂಬರೀಷನೂ ಹೂಂ ಅಂದಿದ್ದ. ಆ ದಿನ ಮೆರವಣಿಗೆ ಮನೆಯ ಮುಂದೆ ಬಂದಾಗ ಸ್ನೇಹಲ್ ನೀಲಿ ಸೀರೆಯುಟ್ಟು ಎಲ್ಲರಿಗೂ ಪಾನಕ ಹಂಚಿದ್ದಳು. ತಪ್ಪು ಮಾಡುತ್ತಿದ್ದೇವೆಂದು ಯಾರಿಗೂ ಅನಿಸಿರಲಿಲ್ಲ. ಮನೆಯ ಬಾವಿಯ ನೀರನ್ನು ಯಾರು ತಾನೇ ಕೊಡದಲ್ಲಿ ತುಂಬಿ ಕಾಯುತ್ತಾರೆ?

ಹೋದ ಮಳೆಗಾಲದಲ್ಲಿ ಸ್ನೇಹಲಳ ಗಂಟಲಲ್ಲಿ ಗಂಟು ಕಾಣಿಸಿತು. ಜೀವ ಉಳಿಸಲು ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಅವಳು ಉಸಿರಾಡುವುದು ಕುತ್ತಿಗೆಯ ಕೆಳಗಿನ ತೂತಿನಿಂದ. ಅದರ ಮೇಲೊಂದು ತೆಳು ಬಿಳಿ ಬಟ್ಟೆ. ಆಸ್ಪತ್ರೆಯಿಂದ ಬಂದ ವಾರದಲ್ಲೇ ತನ್ನ ಮತ್ತು ಗಂಡನ ಮೊಬೈಲಿನಲ್ಲಿದ್ದ ತನ್ನ ಮಾತುಗಳನ್ನೆಲ್ಲ ಅವಳು ಅಳಿಸಿಹಾಕಿದ್ದಳು. ಯಾರೂ ಯಾಕೆಂದು ಕೇಳಲಿಲ್ಲ.

ಆಮೇಲೆ ಮಾತು ಕಲಿಸುವ ಡಾಕ್ಟರು ಒಂದು ದಾರಿ ತೋರಿಸಿದರು. ಹಳೆಯ ಧ್ವನಿ ಸ್ವಚ್ಛವಾಗಿ ಅರ್ಧ ತಾಸಿನಷ್ಟು ಸಿಕ್ಕರೆ, ಅವಳು ಟೈಪ್ ಮಾಡಿದ್ದನ್ನು ಮಷಿನ್ನು ಅವಳ ಧ್ವನಿಯಲ್ಲೇ ಓದುವಂತೆ ಮಾಡಬಹುದು. ಹೆಡ್‌ಮೇಡಂ ಕೂಡ ಒಪ್ಪಿದ್ದರು: "ಜೂನಿಗೆ ಅದೊಂದು ಆದರ ಕ್ಲಾಸ್ ನಿಮ್ಮವ. ಇಲ್ಲಾಂದ್ರ ಲೈಬ್ರರಿ ನೋಡ್ಕೋರಿ, ನನ್ನ ಕೈಯಾಗ ಅಷ್ಟ ಐತಿ." ಅಂದಿನಿಂದ ಅಂಬರೀಷ ಊರೆಲ್ಲ ತಿರುಗಿದ. ಮದುವೆಯ ವಿಡಿಯೋದಲ್ಲಿ ಅವಳು ಒಡಪು ಕಟ್ಟಿ ಗಂಡನ ಹೆಸರು ಹೇಳುವ ಜಾಗವಿತ್ತು, ವಿಡಿಯೋದವನು ಅದರ ಮೇಲೆ ಸಿನಿಮಾ ಹಾಡು ಕೂರಿಸಿದ್ದ. ತುಟಿ ಮಾತ್ರ ಆಡುತ್ತಿತ್ತು. ಸಾಲಿಯ ಸಮಾರಂಭದ ವಿಡಿಯೋಗಳಲ್ಲಿ ಮಕ್ಕಳ ಗದ್ದಲ. ಉಳಿದದ್ದು ಈ ಆ್ಯಪು ಒಂದೇ.

ಪರದೆಯ ಮೇಲೆ ಸಣ್ಣದೊಂದು ಚಕ್ರ ತಿರುಗತೊಡಗಿತು.

"ಬಂತು, ಬಂತು," ಎಂದ ಅಂಬರೀಷ.

ಚಕ್ರ ಬಹಳ ಹೊತ್ತು ತಿರುಗಿತು. ಆಮೇಲೆ ನಿಂತು, ಒಂದು ಸಾಲು ಮೂಡಿತು. ಅಂಬರೀಷ ಅದನ್ನು ಓದಲಿಲ್ಲ. ವಿನೋದ ಓದಿದ: "ಧ್ವನಿ ಸಿಗುತ್ತಿಲ್ಲ."

"ಲಗೂ ನಡಿಸಿದಿ ನೀನು," ಎಂದಳು ದುರಗವ್ವ. "ಮಂದಿ ಹಂಗ ಓಡ್ತಾರೇನು ದುರ್ಗದ ಬೈಲಿನಾಗ? ಅಲ್ಲೆ ಬಳಿ ಅಂಗಡಿ ಅದಾವು, ಭಾಂಡೆ ಅಂಗಡಿ ಅದಾವು. ನಿಂತು ನೋಡಕೋತ ಹೋಗಬೇಕು."

"ಕಾಕು ಹೇಳೂದು ಖರೇ ಐತಿ," ಎಂದ ವಿನೋದ. "ಜೋರ ಓಡಿಸಿದರ, ಇವರು ಗಾಡಿ ಮ್ಯಾಲ ಅದಾರ ಅಂತ ಅದು ಸುಮ್ಮನಾಗಿಬಿಡತೈತಿ."

ಅಂಬರೀಷ ಚುಕ್ಕೆಯನ್ನು ಹಿಂದಕ್ಕೆ ಒಯ್ದು ಮತ್ತೆ ತಂದ. ಈ ಸಲ ಮುದುಕರು ನಡೆದಂತೆ ನಡೆಸಿದ. ಚಕ್ರ ತಿರುಗಿತು, ಅದೇ ಸಾಲು ಬಂತು. ಮೂರುಸಾವಿರ ಮಠದ ಮುಂದೆ ನಿಲ್ಲಿಸಿದ, ಅದೇ ಸಾಲು. ಬ್ರಾಡ್‌ವೇ ರಸ್ತೆಗೆ ಹೋದ, ಅದೇ. ದುರಗವ್ವ ಸಾಯಂಕಾಲ ಹೊತ್ತು ಪೇಟೆಗೆ ಹೋದಾಗಿನಂತೆ "ಅಲ್ಲೆ ಗದ್ದಲ ಇರತೈತಿ, ಆ ಕಡಿಯಿಂದ ಹೋಗು" ಎಂದೆಲ್ಲ ಹೇಳುತ್ತಿದ್ದವಳು ಮಾತು ಕಡಿಮೆ ಮಾಡಿದಳು. ರೊಟ್ಟಿಯ ಸದ್ದೂ ಈಗ ಹೆಚ್ಚು ಹೊತ್ತು ನಿಂತು ನಿಂತು ಬರುತ್ತಿತ್ತು.

ವಿನೋದ ಕುರ್ಚಿ ಎಳೆದುಕೊಂಡು ತಾನೇ ಆ್ಯಪಿನ ಒಡಲು ಬಿಚ್ಚಿ ನೋಡಿದ. ಚಿತ್ರಗಳಿದ್ದವು, ನಕಾಶೆಯಿತ್ತು, ಅಕ್ಷರಗಳಿದ್ದವು. ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿಕೊಂಡ.

"ಮಾತು ಇದರಾಗ ಇಲ್ಲೋ ಅಂಬ್ಯಾ. ಇದು ಬರೇ ಖಾಲಿ ಮನಿ. ಆ ಜಾಗಕ್ಕ ಹೋದ ಮ್ಯಾಲ ಕಂಪನಿಯವರ ಕಂಪ್ಯೂಟರಿನಿಂದ ಮಾತು ತರಸ್ಕೋತಿತ್ತು. ಆ ಕಂಪನಿ ಮುಚ್ಚೈತಿ."

"ಅವರ ಹತ್ರ ಎಲ್ಲೆರ ಇಟ್ಟಿರಬೇಕಲ್ಲ?"

"ಅಲ್ಲಿ ಮೊದಲ ಕೆಲಸಕ್ಕಿದ್ದ ಲೋಹಿತ ಅನ್ನಾವನ್ನ ಹುಡುಕಿ ಕೇಳೇನಿ. ಆ ಕಂಪ್ಯೂಟರ ಬಾಡಿಗಿದು, ಬಾಡಿಗಿ ಕಟ್ಟೂದು ಬಿಟ್ಟರು, ಎಲ್ಲಾ ಅಳಸ್ಯಾರ ಅಂದ. ಆ್ಯಪಿನಾಗರ ಇದ್ದೀತು ಅಂತ ನಾ ನಿಮಗ ಹೇಳಿರಲಿಲ್ಲ."

"ನೀ ಹೇಳಿದ್ರೂ ನಾ ನಂಬ್ತಿರಲಿಲ್ಲ ಬಿಡು," ಎಂದ ಅಂಬರೀಷ. ಆಮೇಲೆ, ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದವನು ಮಾಡುವಂತೆ, ಮೌಸನ್ನು ಜೋರಾಗಿ ಆಚೆ ನೂಕಿದ.

ಚುಕ್ಕೆ ರಸ್ತೆ ಬಿಟ್ಟು, ಅಂಗಡಿಗಳ ಮಾಳಿಗೆ ಹಾಯ್ದು, ಯಾವುದೋ ಸಂದಿಯಲ್ಲಿ ಹೋಗಿ ಬಿತ್ತು.

"ನೀವು ದಾರಿ ತಪ್ಪಿದ್ದೀರಿ," ಎಂದಳು ಸ್ನೇಹಲ್. "ದಯವಿಟ್ಟು ಹಿಂದಿರುಗಿ."

ಮೂವರೂ ಅಡುಗೆಮನೆಯ ಬಾಗಿಲಿನತ್ತ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ. ಮಾತು ಬಂದದ್ದು ಕಂಪ್ಯೂಟರಿನ ಪಕ್ಕದ ಸ್ಪೀಕರಿನಿಂದ. ದುರಗವ್ವ ಸ್ಪೀಕರಿನತ್ತ ಬಗ್ಗಿದಳು. ಅದೇ ಧ್ವನಿ. ಆದರೆ ಮಾತು ಬೇರೆ. ಮನೆಯಲ್ಲಿ ಅವಳು ಹೀಗೆ ಮಾತಾಡಿದವಳೇ ಅಲ್ಲ.

"ಇನ್ನೊಮ್ಮೆ," ಎಂದು ಅಂಬರೀಷ ಚುಕ್ಕೆಯನ್ನು ರಸ್ತೆಗೆ ತಂದು ಮತ್ತೆ ಹೊರಗೆಸೆದ.

"ನೀವು ದಾರಿ ತಪ್ಪಿದ್ದೀರಿ. ದಯವಿಟ್ಟು ಹಿಂದಿರುಗಿ."

"ವಿನ್ಯಾ, ಹಿಡಕೋ ಇದನ್ನ, ರೆಕಾರ್ಡ ಮಾಡು!"

"ಮಾಡ್ತೇನಿ. ಆದರ ಇದಿಷ್ಟ ಅದರೊಳಗ ಇರೂದು. ದಾರಿ ಬಿಟ್ಟವರನ್ನ ಕರಿಯಾಕ ಇಟ್ಟಿದ್ದು. ಎಷ್ಟ ಸಲ ಹಿಡದ್ರೂ ಅದ ಮಾತು. ಡಾಕ್ಟರು ಕೇಳಿದ್ದು ಅರ್ಧ ತಾಸು."

ಅಂಬರೀಷ ಕೇಳಿಸಿಕೊಳ್ಳಲಿಲ್ಲ. ಚುಕ್ಕೆಯನ್ನು ಶಾ ಬಜಾರಿನಾಚೆ ಎಸೆದ, ಕೆರೆಯೊಳಗೆ ಎಸೆದ, ರೈಲು ಹಳಿಗಳ ಮೇಲೆ ಎಸೆದ. ಎಲ್ಲಿಂದಲೂ ಹೆಂಡತಿ ಅಷ್ಟೇ ಮರ್ಯಾದೆಯಿಂದ ಅವನನ್ನು ಹಿಂದಕ್ಕೆ ಕರೆದಳು.

"ಸಾಕೋ ತಮ್ಮಾ," ಎಂದಳು ದುರಗವ್ವ. "ಸಾಕು. ಆಕಿ ಕೇಳಾಕತ್ತಾಳ."

ಸ್ನೇಹಲ್ ಬಾಗಿಲಲ್ಲಿ ನಿಂತಿದ್ದಳು. ಮೊಣಕೈತನಕ ಜೋಳದ ಹಿಟ್ಟು. ಅಂಬರೀಷ ದಡಬಡಿಸಿ ಎದ್ದ. ಕುರ್ಚಿಯನ್ನು ಅವಳತ್ತ ತಿರುಗಿಸಿದ. 

"ಬಾರವಾ," ಎಂದು ದುರಗವ್ವ ಜರುಗಿ ಮಂಚದ ಮೇಲೆ ಜಾಗ ಮಾಡಿದಳು. "ಆಗಲಿಲ್ಲ ಅದು. ನಾಕ ಮಾತು ಉಳದಾವು, ಅಷ್ಟ. ಲೈಬ್ರರಿ ಅಂದ್ರೂ ಸಾಲಿನ ಐತಿ. ಏನರ ಆಗಲಿ, ನೀ ಕಣ್ಣಮುಂದ ಇದ್ದೀ." ಹೇಳುತ್ತಿದ್ದಂತೆಯೇ ಆ ಸಮಾಧಾನದ ಹಗುರತನಕ್ಕೆ ಅವಳಿಗೇ ನಾಚಿಕೆಯಾಯಿತು.

ಸ್ನೇಹಲ್ ಮಂಚಕ್ಕೆ ಬರಲಿಲ್ಲ. ಗಂಡ ಬಿಟ್ಟೆದ್ದ ಕುರ್ಚಿಯಲ್ಲಿ ಕೂತಳು. ಚುಕ್ಕೆ ಹಳಿಗಳ ಆಚೆ ಎಲ್ಲೋ ಬಿದ್ದಿತ್ತು, ಧ್ವನಿ ಮತ್ತೊಮ್ಮೆ ಕರೆಯಿತು. ಅವಳು ಹಿಟ್ಟಿನ ಕೈಯಿಂದಲೇ ಮೌಸು ಹಿಡಿದು, ಅವಸರವಿಲ್ಲದೆ ಅದನ್ನು ರಸ್ತೆಗೆ ತಂದಳು. ಸ್ಪೀಕರು ಸುಮ್ಮನಾಯಿತು.

ಅಲ್ಲಿಗೆ ಮುಗಿಯಿತೆಂದು ದುರಗವ್ವ ತಿಳಿದಳು. ಆದರೆ ಸ್ನೇಹಲ್ ಚುಕ್ಕೆಯನ್ನು ದುರ್ಗದ ಬೈಲಿನವರೆಗೆ ನಡೆಸಿಕೊಂಡು ಬಂದಳು. ಅಲ್ಲಿ ನಿಲ್ಲಿಸಿದಳು. ಚಕ್ರ ತಿರುಗಿ, ಅದೇ ಸಾಲು ಮೂಡಿತು. ಅವಳು ಬೆನ್ನು ನೆಟ್ಟಗೆ ಮಾಡಿದಳು, ತರಗತಿಗೆ ಹೋಗಿ ನಿಂತವರ ಹಾಗೆ. ತುಟಿಗಳು ಅಲುಗಿದವು. ನಿಲ್ಲಿಸುವಲ್ಲಿ ನಿಲ್ಲಿಸಿ, ಒತ್ತಿ ಹೇಳುವಲ್ಲಿ ಹುಬ್ಬೆತ್ತಿ, ಒಂದು ಕಡೆ ಸಣ್ಣಗೆ ನಗುತ್ತ, ಅಲ್ಲಿ ಹೇಳಬೇಕಾದದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದಳು. ಕೋಣೆಯಲ್ಲಿ ಏನೂ ಕೇಳಲಿಲ್ಲ. ಕುತ್ತಿಗೆಯ ಬಿಳಿ ಬಟ್ಟೆ ಮಾತ್ರ ಒಳಕ್ಕೆ ಹೋಗಿ, ಹೊರಕ್ಕೆ ಉಬ್ಬುತ್ತಿತ್ತು.

ಆ ಜಾಗದ್ದು ಮುಗಿಯಿತೇನೋ. ಚುಕ್ಕೆ ಮಠದ ಕಡೆಗೆ ಹೊರಟಿತು. ಒಲೆಯ ಮೇಲೆ ಬಿಟ್ಟುಬಂದ ರೊಟ್ಟಿ ಸೀಯತೊಡಗಿ, ವಾಸನೆ ಹೊರಕೋಣೆಗೂ ಬಂತು. ದುರಗವ್ವನಿಗೆ ಬಂತು, ಅಂಬರೀಷನಿಗೂ ಬಂದಿರಬೇಕು. ಯಾರೂ ಏಳಲಿಲ್ಲ.