ಹತ್ತೊಂಬತ್ತು ಮುನ್ನುಡಿಗಳು

"ಧೈರ್ಯವಾಗಿರಿ," ಎಂದ ಸಹೋದ್ಯೋಗಿ ಚಂದ್ರಯ್ಯ, ಬಸ್ಸಿನ ಕಿಟಕಿಯೊಳಗೆ ಕೈ ತೂರಿಸಿ ಆತ್ರೇಯನ ಭುಜ ಒತ್ತುತ್ತ. "ಒಂದೊಂದ್ಸಲ ಜೀವ ಬರೋದೂ ಉಂಟಂತೆ."

ಪಕ್ಕದ ಸೀಟಿನ ಹೆಂಗಸು ಇದು ಆಸ್ಪತ್ರೆಯ ವಿಷಯವೆಂದುಕೊಂಡಳು. ಹೂವಿನ ಬುಟ್ಟಿಯನ್ನು ಕಾಲಡಿಗೆ ಸರಿಸಿ ಆತ್ರೇಯನಿಗೆ ಜಾಗ ಬಿಟ್ಟಳು. ಆತ್ರೇಯ ತೊಡೆಯ ಮೇಲಿನ ಸ್ಟೀಲ್ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಸಂದರ್ಭಕ್ಕೆ ತಕ್ಕಷ್ಟು ಮುಖ ಸಣ್ಣದು ಮಾಡಿ, "ನೋಡೋಣ," ಎಂದ.

ಬಸ್ಸು ಹೊಳೆನರಸೀಪುರ ಬಿಟ್ಟು ಹಾಸನದ ರಸ್ತೆಗೆ ಬಿದ್ದ ಮೇಲೆ ಮುಖವನ್ನು ಮತ್ತೆ ಮೊದಲಿನ ಅಳತೆಗೆ ಬಿಟ್ಟುಕೊಂಡ.

ಡಬ್ಬಿಯೊಳಗಿದ್ದದ್ದು ಅವನ ಕಂಪ್ಯೂಟರಿನ ಹಾರ್ಡ್ ಡಿಸ್ಕು. ನಲವತ್ತು ಜಿಬಿ. ಹೆಂಡತಿ ಸಂಹಿತಾ ಅದನ್ನು ಹೊಸ ರವಿಕೆ ಬಟ್ಟೆಯಲ್ಲಿ ಸುತ್ತಿ, ಸುತ್ತ ಹತ್ತಿ ತುರುಕಿ, ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟಿದ್ದಳು. "ಅಲ್ಲಾಡಿಸ್ಬೇಡಿ. ಹಂಪ್ ಬಂದ್ರೆ ಎತ್ತಿ ಹಿಡ್ಕೊಳಿ." ವಾರಂಟಿ ಮೂರು ವರ್ಷದ್ದು, ಮುಗಿಯಲು ಇನ್ನೂ ನಾಲ್ಕು ತಿಂಗಳಿತ್ತು. ಬಿಲ್ಲು ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

ಡಿಸ್ಕು ಕೆಟ್ಟದ್ದು ಮೊನ್ನೆ ಸಂಜೆ. ಮೊದಲು ಯಾರೋ ನಾಲಗೆ ಲೊಚಗುಟ್ಟಿದ ಹಾಗೆ ಟಕ್ ಟಕ್ ಎಂದು, ಆಮೇಲೆ ಪರದೆ ಕಪ್ಪಾಯಿತು. ಮರುಕ್ಷಣ, ಯಾರೋ ದೊಡ್ಡವರು ತೀರಿಕೊಂಡರೆಂದು ಮೊದಲನೇ ಪೀರಿಯಡ್ಡಿನಲ್ಲೇ ರಜೆ ಕೊಟ್ಟರೆ ಹುಡುಗರಿಗಾಗುವಂಥ ಹಗುರ. ಆ ಹಗುರ ಇಷ್ಟು ಬೇಗ ಬರಬಾರದಿತ್ತು ಎಂದುಕೊಂಡ.

ಆತ್ರೇಯ ಕಾಲೇಜಿನಲ್ಲಿ ಚರಿತ್ರೆಯ ಅಧ್ಯಾಪಕ. ಆರು ವರ್ಷದಿಂದ ಆ ಸೀಮೆಯ ಕೆರೆಗಳ ಬಗ್ಗೆ ಒಂದು ಪುಸ್ತಕ ಬರೆಯುತ್ತಿದ್ದ. ಹಾಗೆಂದು ಎಲ್ಲರಿಗೂ ಗೊತ್ತಿತ್ತು. ಪ್ರಿನ್ಸಿಪಾಲ್ ಚನ್ನಬಸವಯ್ಯನವರು ಸಭೆಗಳಲ್ಲಿ ಅವನನ್ನು "ನಮ್ಮ ಸಂಶೋಧಕರು" ಎನ್ನುತ್ತಿದ್ದರು. ಮನೆಯಲ್ಲಿ ಸಂಜೆ ಏಳರಿಂದ ಒಂಬತ್ತರವರೆಗೆ ಟಿವಿ ಬಂದ್. ಮಗಳು ಇಂಚರ ತುದಿಗಾಲಲ್ಲಿ ಓಡಾಡುವುದನ್ನು ಆ ಹೊತ್ತಿನಲ್ಲೇ ಕಲಿತಳು. ಮುಚ್ಚಿದ ಬಾಗಿಲ ಈಚೆ ಸಂಹಿತಾ ಕುಕ್ಕರಿನ ಸೀಟಿ ಕೂಗದ ಹಾಗೆ ಸೌಟಿನಿಂದ ಎತ್ತಿ ಹಿಡಿಯುತ್ತಿದ್ದಳು. ಆಚೆ ಅವನು ಶಬ್ದ ಆರಿಸಿ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಿದ್ದ.

ಅವನು ಸುಳ್ಳುಗಾರನೇನಲ್ಲ. ಮೊದಮೊದಲು ನಿಜವಾಗಿಯೂ ಬರೆಯಲು ಕೂತಿದ್ದ. ಯಾರಾದರೂ ಕೇಳಿದರೆ "ನಡೀತಿದೆ" ಎನ್ನುತ್ತಿದ್ದ. ಮೂರನೇ ವರ್ಷ "ಅರ್ಧ" ಎಂದ. ಹೋದ ವರ್ಷ "ಮುಕ್ಕಾಲು." ಮೊನ್ನೆ ಸಂಹಿತಾ ಕಣ್ಣು ತುಂಬಿಕೊಂಡು, "ಎಷ್ಟು ಪುಟ ಆಗಿತ್ರೀ?" ಎಂದಾಗ ಅವನ ಬಾಯಿ ತಾನಾಗಿ, "ನಾನೂರ ಹನ್ನೆರಡು," ಎಂದಿತು. ಆ ಹನ್ನೆರಡು ಎಲ್ಲಿಂದ ಬಂತೋ! ಅಷ್ಟು ಖಚಿತವಾದ ಮಾತು ಅವನ ಬಾಯಲ್ಲಿ ಬಂದು ಬಹಳ ದಿನವಾಗಿತ್ತು. ಅವಳು ಸೆರಗಲ್ಲಿ ಮೂಗೊರೆಸಿಕೊಂಡಳು. ಬೆಳಗಾಗುವುದರೊಳಗೆ ಸ್ಟಾಫ್ ರೂಮಿನಲ್ಲೆಲ್ಲ ನಾನೂರ ಹನ್ನೆರಡು.

ಬಸ್ಸಿನಲ್ಲಿ ಅವನಿಗೆ ಖುಷಿಯಾಗಿತ್ತು. ಗಾಳಿ ತಂಪಾಗಿತ್ತು. ಹೂವಿನವಳು ಕೊಟ್ಟ ಕಡಲೆಕಾಯಿ ಸುಲಿದು ತಿಂದ. ಡಿಸ್ಕನ್ನು ಕಂಪನಿಗೆ ಒಪ್ಪಿಸುವುದು, ಹೊಸದು ಬರುವುದು, ಅದರಲ್ಲಿ ಏನೂ ಇಲ್ಲದಿರುವುದು. ಏನೂ ಇಲ್ಲದಿರುವುದಕ್ಕೆ ಇನ್ನು ಮೇಲೆ ಕಾರಣವಿತ್ತು. ಮಾನವಂತ ಕಾರಣ. ಹಂಪ್ ಬಂದಾಗ ಡಬ್ಬಿ ಎತ್ತಿ ಹಿಡಿಯಲು ಮರೆತ.

ಹಾಸನ ಹತ್ತಿರವಾಗುವಾಗ ಮೊಬೈಲ್ ಹೊಡೆದುಕೊಂಡಿತು. ಸಂಹಿತಾ.

"ಬೆಳಿಗ್ಗೇನೇ ಪುಟ್ಟಸ್ವಾಮಿಯವರಿಗೆ ಫೋನ್ ಮಾಡಿದ್ದೆ."

"ಯಾಕೆ?"

"ಯಾಕೆ ಅಂದ್ರೆ? ಅವರಿಗೆ ಹೇಳ್ಬೇಡ್ವಾ? ಅವರದ್ದೂ ಅಲ್ವಾ ಅದು?"

"ಆಮೇಲೆ ಹೇಳಬಹುದಿತ್ತು."

"ಪಾಪ. ಅಂಗಡಿ ಎಲ್ಲಿ ಅಂದ್ರು. ಹೇಳ್ದೆ."

ಕಡಲೆಕಾಯಿ ಸಿಪ್ಪೆ ಅವನ ಅಂಗೈಯಲ್ಲೇ ಉಳಿಯಿತು.

ಪುಟ್ಟಸ್ವಾಮಿ ದಂಡಿಗನಹಳ್ಳಿ ಕಡೆಯವನು. ಎಪ್ಪತ್ತೆಂಟು ವರ್ಷ. ನಲವತ್ತು ವರ್ಷ ನೀರಗಂಟಿಯಾಗಿ ಕೆರೆಯ ತೂಬು ಕಾಯ್ದು, ಗದ್ದೆಗದ್ದೆಗೂ ನೀರು ಹಂಚಿದವನು. ಯಾವ ಕೆರೆಯ ಕೋಡಿ ಯಾವ ಕೆರೆಗೆ ಬೀಳುತ್ತದೆ, ಯಾವ ತೂಬಿನ ಕಲ್ಲು ಯಾರು ತಂದದ್ದು, ಯಾವ ವರ್ಷ ಯಾವ ಏರಿ ಒಡೆದು ಯಾರ ಮನೆ ಹೋಯಿತು, ಎಲ್ಲ ಅವನ ತಲೆಯಲ್ಲಿತ್ತು. ಮೊದಲು ಮೂರು ಭಾನುವಾರ ಆತ್ರೇಯ ಹಾಳೆಯ ಮೇಲೆ ಬರೆದುಕೊಂಡ. ಆಮೇಲೆ ಬರೀ ಕೇಳಿದ. ಮನಸ್ಸಿನಲ್ಲಿ ಇರುತ್ತದೆ ಎಂದುಕೊಂಡ. ಆಮೇಲೆ ಪುಟ್ಟಸ್ವಾಮಿಯ ಹೆಂಡತಿ ದೊಡ್ಡತಾಯಮ್ಮ ಮಾಡುತ್ತಿದ್ದ ಅವರೆಕಾಳು ಉಪ್ಪಿಟ್ಟಿಗಾಗಿ ಹೋದ. ಆರು ವರ್ಷ ಆ ಮುದುಕ ಮಾತಾಡಿದ. ಒಂದು ದಿನವೂ ಬರೆದದ್ದು ತೋರಿಸಿ ಎನ್ನಲಿಲ್ಲ.

ಸರ್ವೀಸ್ ಸೆಂಟರಿನಲ್ಲಿ ಕೂತಿದ್ದ ಹೆಂಗಸು ರೂಪಶ್ರೀ. ಮೂವತ್ತರ ಆಸುಪಾಸು. ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ಸ್ಕ್ರೂ ಡ್ರೈವರು. ಡಬ್ಬಿ ತೆರೆದು ರವಿಕೆ ಬಟ್ಟೆ ಬಿಡಿಸಿ ನಕ್ಕಳು.

"ಬಾಣಂತಿ ಮಗು ಕಟ್ಟಿದಂಗೆ ಕಟ್ಟಿದ್ದೀರಲ್ಲ ಸರ್."

"ನಮ್ಮ ಮನೆಯವರು."

"ಡೇಟಾ ಬೇಕಾ?"

"ಬರಲ್ಲ ಅಂತಾರಲ್ಲ. ಬದಲಿ ಕೊಟ್ಬಿಡಿ. ಸಾಕು."

"ಒಂದು ಸಲ ನೋಡ್ತೀನಿ. ಇಷ್ಟು ಜೋಪಾನವಾಗಿ ತಂದಿದೀರ."

"ಬೇಡ. ನಿಮಗೆ ತೊಂದರೆ."

"ತೊಂದರೆ ಏನು ಸರ್, ಕೆಲಸ."

ಅವಳು ಡಿಸ್ಕನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿದಳು. ಟಕ್ ಟಕ್. ಆತ್ರೇಯ ಆ ಶಬ್ದ ನಿಲ್ಲದಿರಲಿ ಎಂದು ಕಾದ. ಅವಳು ಡಿಸ್ಕನ್ನು ಮಗ್ಗುಲು ತಿರುಗಿಸಿ ಇಟ್ಟಳು. ಶಬ್ದ ನಿಂತಿತು. ಒಳಗೆ ಏನೋ ಸುಯ್ಯೆಂದು ತಿರುಗತೊಡಗಿತು.

"ಬಂತು ಸರ್!" ಅವಳ ಮುಖ ಅರಳಿತು. "ಬಹಳ ಹೊತ್ತು ಇರಲ್ಲ, ಬೇಗ ಹೇಳಿ. ಯಾವುದು ಮುಖ್ಯ?"

ಅವನು ಹೇಳುವ ಅಗತ್ಯವೇ ಬರಲಿಲ್ಲ. 'ಪುಸ್ತಕ' ಎಂಬ ಹೆಸರಿನ ಫೋಲ್ಡರು ಒಂದೇ ಇತ್ತು. ಅವಳು ಅದನ್ನು ತನ್ನ ಯಂತ್ರಕ್ಕೆ ಎಳೆದುಕೊಂಡಳು. ನಿಮಿಷವೂ ಆಗಲಿಲ್ಲ, ಮುಗಿಯಿತು. ಪರದೆಯ ಮೇಲೆ ಪಟ್ಟಿ: ಮುನ್ನುಡಿ ಒಂದು, ಮುನ್ನುಡಿ ಎರಡು, ಮುನ್ನುಡಿ ಹೊಸದು, ಮುನ್ನುಡಿ ಕೊನೆಯದು, ಮುನ್ನುಡಿ ನಿಜವಾಗಿ ಕೊನೆಯದು. ಒಟ್ಟು ಹತ್ತೊಂಬತ್ತು. ಒಂದು 'ಅರ್ಪಣೆ.' ಒಂದು 'ಕೃತಜ್ಞತೆಗಳು.' ಒಂದು 'ಅಧ್ಯಾಯ ಒಂದು', ನಾಲ್ಕು ಪುಟ.

ರೂಪಶ್ರೀ ಕೆಳಕ್ಕೆ ಎಳೆದು ನೋಡಿದಳು. ಕೆಳಗೆ ಏನೂ ಇರಲಿಲ್ಲ. ಮತ್ತೆ ಮೇಲಕ್ಕೆ ಬಂದಳು.

"ಇಷ್ಟೇನಾ ಸರ್?"

"ಉಳಿದದ್ದು ಹೋಗಿರಬೇಕು."

"ಇಲ್ಲ ಸರ್. ಈ ಜಾಗಕ್ಕೆ ಏಟೇ ಬಿದ್ದಿಲ್ಲ. ಒಂದು ಫೈಲೂ ಹೋಗಿಲ್ಲ." ಹೇಳಿದ ಮೇಲೆ ಅವಳಿಗೆ ತಾನು ಹೇಳಿದ್ದು ಏನೆಂದು ಗೊತ್ತಾಯಿತು. ಕನ್ನಡಕ ತೆಗೆದು ವೇಲಿನ ತುದಿಯಲ್ಲಿ ಒರೆಸತೊಡಗಿದಳು. ಅದು ಆಗಲೇ ಚೊಕ್ಕಟವಾಗಿತ್ತು.

ಆತ್ರೇಯ ಗೋಡೆಯ ಕ್ಯಾಲೆಂಡರ್ ನೋಡಿದ. ಯಾವುದೋ ಸಿಮೆಂಟ್ ಕಂಪನಿಯದು. ಆರು ವರ್ಷದಲ್ಲಿ ತನ್ನ ಮುಚ್ಚಿದ ಕೋಣೆಯೊಳಕ್ಕೆ ಬಂದಂತಾದ ಮೊದಲನೆಯವಳು ಇವಳು. ಅವಮಾನವಾಗಬೇಕಿತ್ತು. ಬದಲಿಗೆ, ಕಾಫಿ ಕುಡಿಯೋಣವೇ ಎಂದು ಕೇಳಬೇಕೆನಿಸಿತು.

ಆಗಲೇ ಬಾಗಿಲಲ್ಲಿ ಕೆಮ್ಮು ಕೇಳಿಸಿತು.

ಪುಟ್ಟಸ್ವಾಮಿ ಚಪ್ಪಲಿಯನ್ನು ಹೊರಗೆ ಬಿಟ್ಟು, ದೇವಸ್ಥಾನಕ್ಕೆ ಬಂದವನ ಹಾಗೆ ತಲೆ ತಗ್ಗಿಸಿ ಒಳಗೆ ಬಂದ. ಒಗೆದ ಪಂಚೆ. ಬಗಲಲ್ಲಿ ತುಂಬಿದ ಬಟ್ಟೆಯ ಚೀಲ.

"ಸತ್ತೋಯ್ತಂತೆ ಸಾ?"

"ಹ್ಞೂ."

"ನಾನೂರ ಅನ್ನೆರಡು ಪುಟವಂತೆ."

ಮುದುಕ ಪರದೆಯತ್ತ ಬಗ್ಗಿ ನೋಡಿದ.

"ಅದ್ರಾಗೆ ಏನೋ ಕಾಣ್ತದಲ್ಲವ್ವಾ?"

"ಸ್ವಲ್ಪ ಬಂದಿದೆ ತಾತ," ಎಂದಳು ರೂಪಶ್ರೀ. "ನಿಮ್ಮ ಹೆಸರು?"

"ಪುಟ್ಟಸ್ವಾಮಿ. ನೀರಗಂಟಿ."

ಅವಳು ಆತ್ರೇಯನನ್ನು ಕೇಳಲಿಲ್ಲ. 'ಕೃತಜ್ಞತೆಗಳು' ತೆರೆದಳು. ಆರು ಪುಟ. ಆ ಪುಸ್ತಕದಲ್ಲಿ ಪೂರ್ತಿಯಾಗಿದ್ದದ್ದು ಅದೊಂದೇ. ಅವಳು ಶಾಲೆಯ ಹುಡುಗಿಯ ಹಾಗೆ ಬೆರಳಿಟ್ಟು ಓದಿದಳು: "ಈ ಗ್ರಂಥದ ಪ್ರತಿ ಸಾಲೂ ನೀರಗಂಟಿ ಶ್ರೀ ಪುಟ್ಟಸ್ವಾಮಿಯವರ ನೆನಪಿನಿಂದ ಹರಿದು ಬಂದಿದೆ. ಅವರ ಋಣ ತೀರಿಸಲು ನನಗೆ ಸಾಧ್ಯವಿಲ್ಲ."

"ಶ್ರೀ ಅಂತ ಆಕವ್ರಾ?" ಎಂದ ಪುಟ್ಟಸ್ವಾಮಿ.

"ಹಾಕಿದಾರೆ ತಾತ."

"ಇನ್ನೊಂದ್ ಸತಿ ಓದವ್ವ."

ಓದಿದಳು. ಮುದುಕ ಕೇಳಿಸಿಕೊಂಡು ಟವೆಲಿನಿಂದ ಬಾಯಿ ಒರೆಸಿಕೊಂಡ.

"ಮಿಕ್ಕಿದ್ದು?"

ರೂಪಶ್ರೀ ಕನ್ನಡಕ ಹಾಕಿಕೊಂಡಳು. ಆತ್ರೇಯನ ಕಡೆ ನೋಡದೆ, "ಮಿಕ್ಕಿದ್ದು ಬರ್ಲಿಲ್ಲ ತಾತ," ಎಂದಳು. "ನಾನೂ ಬಹಳ ನೋಡ್ದೆ."

"ಓಗ್ಲಿ ಬುಡವ್ವ. ನೀನೇನ್ ಮಾಡೀಯೆ." ಪುಟ್ಟಸ್ವಾಮಿ ಆತ್ರೇಯನತ್ತ ತಿರುಗಿ ಹಲ್ಲು ಬಿಟ್ಟ. "ಯಾಕ್ ಸಾ ಇಂಗೆ ಕುಂತಿದ್ದೀರಿ? ಪೆಟ್ಗೆ ತಾನೆ ಸತ್ತಿರೋದು? ನಾನಿನ್ನೂ ಸತ್ತಿಲ್ವಲ್ಲ."

ರೂಪಶ್ರೀ ಫಾರಂ ಮುಂದಿಟ್ಟಳು. ಸೈನ್ ಹಾಕಬೇಕಾದ ಕಡೆ ಪೆನ್ನಿನಿಂದ ಗುರುತು ಮಾಡಿದಳು. "ಮೂರು ವಾರಕ್ಕೆ ಹೊಸದು ಬರುತ್ತೆ. ಹಳೇದು ವಾಪಸ್ ಸಿಗಲ್ಲ. ಒಳಗಿದ್ದದ್ದಕ್ಕೆ ಕಂಪನಿ ಜವಾಬ್ದಾರಿ ಅಲ್ಲ." ಅವಳ ದನಿ ಈಗ ಎಲ್ಲ ಗಿರಾಕಿಗಳಿಗೂ ಇರುವ ದನಿಯಾಗಿತ್ತು. "ಬಂದಿರೋದನ್ನ ಸಿಡಿಗೆ ಹಾಕ್ಕೊಡ್ಲಾ?"

"ಬೇಡ."

ಅವನು ಥ್ಯಾಂಕ್ಸ್ ಹೇಳಿದ. ಅವಳು ಮುಂದಿನ ಟೋಕನ್ ಕೂಗಿದಳು.

ಬಸ್ ಸ್ಟ್ಯಾಂಡಿನವರೆಗೆ ಪುಟ್ಟಸ್ವಾಮಿ ಮುಂದೆ, ಆತ್ರೇಯ ಹಿಂದೆ. ದಂಡಿಗನಹಳ್ಳಿಯ ಬಸ್ಸು ಹೊರಟು ನಿಂತಿತ್ತು. ಮುದುಕ ಅದನ್ನು ನೋಡಿಯೂ ನೋಡದವನ ಹಾಗೆ ದಾಟಿದ.

"ನಿಮ್ಮ ಬಸ್ಸು," ಎಂದ ಆತ್ರೇಯ.

"ನಿಮ್ಮೂರ್ಗೇ ಬತ್ತೀನಿ. ನಾಕ್ ದಿನದ್ ಬಟ್ಟೆ ತಂದಿವ್ನಿ. ಅಮ್ಮಾವ್ರು ಬನ್ನಿ ಅಂದವ್ರೆ. ಮೊದ್ಲಿಂದ ಯೋಳ್ಬುಡ್ತೀನಿ. ಈ ಸತಿ ಆಳೆ ಮ್ಯಾಲೆ ಬರ್ಕಳಿ, ಆ ಪೆಟ್ಗೆ ಸವಾಸ ಬ್ಯಾಡ."

"ಈಗಲೇ ಯಾಕೆ? ನಿಧಾನಕ್ಕೆ…"

"ನಿಧಾನ ಮಾಡಂಗಿಲ್ಲ ಸಾ." ಮುದುಕ ಚೀಲವನ್ನು ಬಗಲು ಬದಲಾಯಿಸಿದ. ದನಿ ತಗ್ಗಿಸಿದ. "ಈಗೀಗ ಒಂದೊಂದ್ ಕೆರೆ ಎಸ್ರೇ ಜಾರೋಯ್ತದೆ. ಮೊನ್ನೆ ಗೌಡನ್ ಕಟ್ಟೆ ಕೋಡಿ ಎಲ್ಲಿಗ್ ಬೀಳ್ತದೆ ಅಂತ ತಿಳೀನೇ ಇಲ್ಲ. ಅಲ್ಲೇ ಏರಿ ಮ್ಯಾಲೆ ನಿಂತಿವ್ನಿ, ತಿಳೀನಿಲ್ಲ. ಓಗ್ಲಿ, ಮೇಷ್ಟ್ರತ್ರ ಐತಲ್ಲ, ನಾನ್ಯಾಕೆ ಒತ್ಕಂಡ್ ತಿರುಗ್ಲಿ ಅಂತ ಸುಮ್ಕಾಗ್ಬುಟ್ಟೆ."

ಆತ್ರೇಯ ನಿಂತ. ಹೇಳಿಬಿಡಬೇಕು ಎನಿಸಿತು. ಇಲ್ಲೇ, ಈ ಕಿತ್ತಳೆ ಹಣ್ಣಿನ ಗಾಡಿಯ ಪಕ್ಕ, ಎರಡೇ ವಾಕ್ಯ. ಬಾಯಿ ತೆರೆದ.

"ಪುಟ್ಟಸ್ವಾಮಿ…"

"ಯೋಳಿ ಸಾ."

"ಊಟ ಆಯ್ತಾ?"

"ಆಯ್ತು ಬನ್ನಿ, ಬಸ್ ಓಯ್ತದೆ."

ಬಸ್ಸು ತುಂಬಿತ್ತು. ಡ್ರೈವರ್ ಪಕ್ಕದ ಉದ್ದ ಸೀಟಿನಲ್ಲಿ, ಇಂಜಿನ್ನಿನ ಮಗ್ಗುಲಲ್ಲೇ ಇಬ್ಬರಿಗೂ ಜಾಗ ಸಿಕ್ಕಿತು. ಹೊರಟ ಕೂಡಲೇ ಕೆಳಗಿನಿಂದ ಬಿಸಿ ಏರಿತು. ಗಾಜುಗಳೆಲ್ಲ ಗಡಗಡ ಎಂದವು. ಪುಟ್ಟಸ್ವಾಮಿ ಚೀಲವನ್ನು ತೊಡೆಯ ಮೇಲಿಟ್ಟು, ನೆಟ್ಟಗೆ ಕೂತು, ಕಣ್ಣು ಮುಚ್ಚಿ ಏನನ್ನೋ ಹುಡುಕಿದ. ಸಿಕ್ಕಿತು. ಕಣ್ಣು ತೆರೆದು ಶುರು ಮಾಡಿದ.

ಇಂಜಿನ್ನಿನ ಸದ್ದಿನಲ್ಲಿ ಒಂದು ಮಾತೂ ಕೇಳಿಸಲಿಲ್ಲ. ತುಟಿ ಆಡುತ್ತಿತ್ತು. ಬೆರಳು ಗಾಳಿಯಲ್ಲಿ ಒಂದು ಏರಿ ಎಳೆಯಿತು, ಅದರ ಕೆಳಗೆ ಒಂದು ತೂಬು ಕೊರೆಯಿತು, ಅಂಗೈ ನೀರಾಗಿ ಇಳಿಜಾರಿಗೆ ಹರಿಯಿತು. ಜೋರಾಗಿ ಹೇಳಿ ಎಂದು ಕಿರುಚಬಹುದಿತ್ತು. ಮನೆಗೆ ಹೋದ ಮೇಲೆ ಹೇಳಿ ಎನ್ನಬಹುದಿತ್ತು. ಆತ್ರೇಯ ತಲೆದೂಗಿದ. ಮುದುಕನ ಮುಖ ಬೆಳಗಿತು. ಮತ್ತೊಂದು ಏರಿ ಎಳೆದ. ಆತ್ರೇಯ ಮತ್ತೆ ತಲೆದೂಗಿದ. ಕಷ್ಟವೇನಿರಲಿಲ್ಲ. ಬಸ್ಸು ಕುಲುಕಿದ ಹಾಗೆಲ್ಲ ತಲೆ ತಾನಾಗಿ ಆಡುತ್ತಿತ್ತು, ಅವನು ಅದಕ್ಕೆ ಅಡ್ಡಿ ಮಾಡದಿದ್ದರೆ ಸಾಕಿತ್ತು. ಕಿಟಕಿಯಾಚೆ ಬಿಸಿಲು ಹಿತವಾಗಿ ಬಿದ್ದಿತ್ತು. ಯಾರದೋ ಗದ್ದೆಯಲ್ಲಿ ಕೊಕ್ಕರೆಗಳು ಇಳಿಯುತ್ತಿದ್ದವು. ಅವನ ಕಣ್ಣು ಅಲ್ಲಿಗೆ ಹೋಯಿತು.

ತಿರುಗಿ ನೋಡಿದಾಗ ಪುಟ್ಟಸ್ವಾಮಿಯ ತುಟಿ ನಿಂತಿತ್ತು. ಎಷ್ಟು ಹೊತ್ತಾಗಿತ್ತೋ. ನೀರಾಗಿ ಅರ್ಧ ದೂರ ಹರಿದಿದ್ದ ಅಂಗೈ ಗಾಳಿಯಲ್ಲೇ ನಿಂತಿತ್ತು. ಮುದುಕ ಅವನನ್ನೇ ನೋಡುತ್ತಿದ್ದ, ರೆಪ್ಪೆ ಬಡಿಯದೆ. ಆತ್ರೇಯನ ತಲೆ ಮಾತ್ರ ಹೌದು ಹೌದೆಂದು ಆಡುತ್ತಲೇ ಇತ್ತು.