ಕಂಪನಿಯ ಖೋಲಿ

ರೇಶಿಮೆಯ ತುದಿಯನ್ನು ಬಿಗಿಯಾಗಿ ಹಿಡಿದು ಅಮಾತೆಪ್ಪ ಕುಕ್ಕರಗಾಲಿನಲ್ಲಿ ಕೂತಿದ್ದ. ಎದುರಿಗೆ ಹೆಂಡತಿ ನೀಲಾಬಾಯಿ ಕೊಂಡಿ ಹಾಕುತ್ತಿದ್ದಳು. ಸೀರೆಯ ಒಡಲಿನ ಹತ್ತಿ ಎಳೆ ಒಂದು, ಸೆರಗಿನ ಕೆಂಪು ರೇಶಿಮೆ ಎಳೆ ಒಂದು. ಒಂದರೊಳಗೆ ಒಂದು ಸಿಕ್ಕಿಸುವುದು, ಮುಂದಿನದಕ್ಕೆ ಹೋಗುವುದು. ಹಿಡಿದವನು ಸಡಿಲ ಬಿಟ್ಟರೆ ಎಳೆಗಳು ಕಲೆತು ಗಂಟಾಗುತ್ತವೆ. ಅವನು ಬೇರೇನೂ ಮಾಡಬೇಕಾಗಿರಲಿಲ್ಲ. ಆದರೂ ಬೆವರುತ್ತಿದ್ದ.

ಹೇಳಬೇಕು, ಎಂದುಕೊಂಡ. ಈ ಬದಿ ಮುಗಿಯಲಿ.

"ಅಳಿಯಂದ್ರು ಮುಂಬೈದಾಗ ಪೆನ್ನು ಹಿಡೀತಾರ, ಇಲ್ಲಿ ನೂಲು," ಎಂದಳು ಅತ್ತೆ ಗುರುಸಿದ್ದವ್ವ, ಒಲೆಯ ಮುಂದಿನಿಂದ. "ಯಾವುದು ಗಟ್ಟಿ ಹಿಡೀತಾರೋ ನೋಡೂಣು."

ಮುಂಬೈಯಲ್ಲಿ ಅವನದು ಸಮುದ್ರದೊಳಗೆ ಎಣ್ಣೆಬಾವಿ ಕೊರೆಯುವ ಗುತ್ತಿಗೆ ಕಂಪನಿಯೊಂದರಲ್ಲಿ ನೌಕರಿ. ಇಷ್ಟು ವರ್ಷ ದುಡಿದೂ ಅವನು ಬಾವಿ ನೋಡಿರಲಿಲ್ಲ, ಅದರ ನಕ್ಷೆಗಳನ್ನಷ್ಟೇ ನೋಡಿದ್ದ. ಅಲ್ಲಿನ ಬಾಡಿಗೆ ಕೋಣೆಯಲ್ಲಿ ಮಗು ತೀರಿಕೊಂಡ ಮೇಲೆ ನೀಲಾಬಾಯಿ ಇಳಕಲ್ಲಿಗೆ, ತವರಿಗೆ ಬಂದಳು. ಆ ಕೋಣೆಗೆ ಮತ್ತೆ ಕಾಲಿಡಲಾರೆ ಎಂದಳು. ಅವನು ಮಾತು ಕೊಟ್ಟಿದ್ದ: ಕಂಪನಿಗೆ ಮುಂಬೈ ಬಾಡಿಗೆ ಭಾರವಾಗಿದೆ, ನಕ್ಷೆಗಳ ನಕಲು ತೆಗೆಯುವ ಕೆಲಸವನ್ನು ಹೊರಗೆ ಕೊಡುತ್ತಾರೆ. ಆ ಕಚೇರಿಯನ್ನು ಇಲ್ಲಿಗೇ ತರುತ್ತೇನೆ, ನಾನೂ ಬರುತ್ತೇನೆ.

"ಸಾವಕಾರ್ರು ನಮಗ ನೂಲು ಕೊಟ್ಟಂಗ," ಎಂದು ಅವಳು ಕೂಡಲೇ ತಿಳಿದುಕೊಂಡಿದ್ದಳು. "ಕಂಪನಿ ಕಾಗದ ಕೊಡತೈತಿ, ನೀವು ಊರಾಗ ಕುಂತು ನೇಯ್ತೀರಿ."

ಈಗ ಅವಳು ಸೆರಗಿನ ತುದಿಯ ಮೇಲೆ ಗುಂಡುಕಲ್ಲು ಇಟ್ಟು ಎದ್ದಳು. "ಬರ್ರಿ, ಖೋಲಿ ತೋರಸ್ತೇನಿ."

ಕಂಪನಿಗೆಂದು ಅವಳು ಗೊತ್ತುಮಾಡಿದ್ದ ಕೋಣೆ ಹಿಂದಿನ ಓಣಿಯ ನೇಕಾರ ಇಮಾಮಸಾಬನ ಮಾಳಿಗೆಯ ಮೇಲಿತ್ತು. ಮಗ್ಗ ನಿಲ್ಲಿಸಿ ಅವನು ನಕ್ಕ.

"ಬರ್ರಿ ಸಾಹೇಬ್ರ. ಸಮುದ್ರದ ಆಫೀಸು ನಮ್ಮ ಮಾಳಗಿ ಮ್ಯಾಲ! ಕುರ್ಚಿ ತೊಯ್ದೀತಂತ ಹೆದರಬ್ಯಾಡ್ರಿ. ನಮ್ಮ ಓಣ್ಯಾಗ ಕುಡಿಯಾಕ ನೀರಿಲ್ಲ."

ಮೇಲೆ ಹಸಿ ಸುಣ್ಣದ ವಾಸನೆ. ಒಂದು ಟೇಬಲ್ಲು. ಅಗಲ ಮಾಡಿಸಿದ ಕಿಟಕಿ.

"ನಕ್ಷಿ ತಗ್ಯಾಕ ಬೆಳಕು ಬೇಕಂದಿದ್ರಿ," ಎಂದಳು. "ಅಂಗಿ ಹಾಕಾಕ ಮೊಳಿ ಬಡಿಸೇನಿ, ನೋಡ್ರಿ."

ಅವನು ಕೈ ಎತ್ತಿದ. ಮೊಳೆ ಸರಿಯಾಗಿ ಅವನ ಕೈಗೆ ಸಿಗುವಷ್ಟೇ ಎತ್ತರದಲ್ಲಿತ್ತು. ಅವಳಿಗೆ ನಿಲುಕದಷ್ಟು.

"ಫೋನು?" ಎಂದ.

"ಟಪಾಲ ಆಫೀಸು ಎದುರಿಗೇ ಐತಿ. ಕೂಗಿದ್ರ ಕೇಳತೈತಿ."

ಹೋದ ತಿಂಗಳು ಮ್ಯಾನೇಜರರೂ ಇದನ್ನೇ ಕೇಳಿದ್ದರು. ಇಳಕಲ್ಲಿನಿಂದ ಟ್ರಂಕ್ ಕಾಲ್ ಹಚ್ಚಿ ದಿನವಿಡೀ ಕಾಯಬೇಕಾಗುತ್ತದೆ ಎಂದಿದ್ದ. ಅದು ನಿಜವೇ. ಆಮೇಲೆ, ಯಾರೂ ಕೇಳದಿದ್ದರೂ, ಕಚೇರಿಗೆ ಮುಂಬೈ ಪಕ್ಕದ ಠಾಣೆ ಊರಾದರೆ ಒಳ್ಳೆಯದು ಎಂದೂ ಅವನೇ ಹೇಳಿದ್ದ. ದನಿ ನಡುಗಿರಲಿಲ್ಲ. ಹೊರಗೆ ಬಂದು ಚಹಾ ಕುಡಿಯುವಾಗ ಎದೆ ಹಗುರವಾಗಿತ್ತು. ನೀಲಾಬಾಯಿಯ ಮುಖ ನೋಡಿದಾಗಲೆಲ್ಲ ಅವನಿಗೆ ಕಾಣುತ್ತಿದ್ದದ್ದು ಮಗುವಿನ ಗದ್ದ. ಅದನ್ನು ದಿನವೂ ನೋಡುವ ಕಷ್ಟ ಇನ್ನು ತಪ್ಪಿತ್ತು. ಠಾಣೆಯಲ್ಲಿ ಈಗಾಗಲೇ ಕಚೇರಿಯ ಬೋರ್ಡು ಹಾಕಿಯಾಗಿತ್ತು.

"ಕಂಪನಿ ಯಾವಾಗ ಬರತೈತಿ?"

"ನೋಡೂಣು."

"ನೋಡೂಣು ಅಂದ್ರ?"

"ದೊಡ್ಡವರ ಕೈಯಾಗ ಐತಿ."

"ನಿಮ್ಮನ್ನ ಕೇಳಲಿಲ್ಲೇನು ಅವರು?"

ಕೆಳಗೆ ಮಗ್ಗ ಮತ್ತೆ ಶುರುವಾಯಿತು. ನೆಲ ಸಣ್ಣಗೆ ಅದುರಿತು.

"ಸುಣ್ಣ ಚಲೋ ಹಚ್ಯಾರ," ಎಂದ.

ಅವಳು ಅವನನ್ನೇ ನೋಡಿದಳು. "ಹೂಂ," ಎಂದಳು. "ಎರಡು ಸಲ ಹಚ್ಚಿಸೇನಿ." ಬಾಗಿಲು ಹಾಕಿ ಕೀಲಿಯನ್ನು ಅವನ ಅಂಗೈಯಲ್ಲಿಟ್ಟಳು. "ನಿಮ್ಮ ಹತ್ರ ಇರ್ಲಿ."

ಊಟದಲ್ಲಿ ಅವನು ರೊಟ್ಟಿ ಮುರಿದ, ತಿನ್ನಲಿಲ್ಲ. ಹೇಳಬೇಕು. ಕೈ ತೊಳೆದ ಮೇಲೆ. ಕೈ ತೊಳೆದ. ಕೀಲಿಯನ್ನು ಗೋಡೆಯ ಗೂಡಿನಲ್ಲಿ, ದೀಪದ ಹಿಂದೆ ಇಟ್ಟ. ನಾಳೆ ಹೋಗಬೇಕಾದವನು ಚೀಲ ತೆಗೆದುಕೊಂಡ.

"ಬಾಗಲಕೋಟಿ ಬಸ್ಸಿನ ವ್ಯಾಳ್ಯಾ ಕೇಳಿ ಬರ್ತೇನಿ."

ಗುರುಸಿದ್ದವ್ವ ಒಲೆ ಬಿಟ್ಟು ಹೊಸ್ತಿಲ ತನಕ ಬಂದಳು. "ವ್ಯಾಳ್ಯಾ ಕೇಳಾಕ ಚೀಲ ಯಾಕ್ರಿ?"

ಅವನು ಚಪ್ಪಲಿ ಮೆಟ್ಟಿ ಓಣಿಗಿಳಿದ. ತಿರುಗಿ ನೋಡಿದ. ಒಳಗೆ ನೀಲಾಬಾಯಿ ಬಾಗಿಲಿಗೆ ಬೆನ್ನು ಮಾಡಿ ಕೂತು ಗುಂಡುಕಲ್ಲು ಸರಿಸುತ್ತಿದ್ದಳು. ಅರ್ಧಕ್ಕಷ್ಟೇ ಒಡಲಿಗೆ ಕೂಡಿದ ಕೆಂಪು ಸೆರಗು ನೆಲದ ಮೇಲೆ ಸಡಿಲವಾಗಿ ಬಿದ್ದಿತ್ತು. ಇನ್ನರ್ಧದ ಎಳೆಗಳು ಗಾಳಿಗೆ ಒಂದರ ಮೇಲೊಂದು ಏರುತ್ತಿದ್ದವು.

"ಇದನ್ನೊಂದೀಟು ಹಿಡೀರಿ," ಎಂದಳು.

ಓಣಿಯ ಮಗ್ಗಗಳೆಲ್ಲ ಬಡಿದುಕೊಳ್ಳುತ್ತಿದ್ದವು. ಗುರುಸಿದ್ದವ್ವ ಮಗಳ ಕಡೆ ತಿರುಗಲಿಲ್ಲ, ಚೀಲವನ್ನೇ ನೋಡುತ್ತಿದ್ದಳು. ನೀಲಾಬಾಯಿ ತಲೆ ಎತ್ತದೆ ತುದಿಯನ್ನು ಬೆಳಿಗ್ಗೆ ಅವನು ಕೂತಿದ್ದ ಜಾಗದತ್ತ ಚಾಚಿದಳು.

"ಹಿಡೀರಿ."